ಪರದೆಯಾಚೆ ಚಾಚಿದ ಕೈ

ದೆವ್ವ, ಗಾಳಿ ಎಂದರೆ ನನಗೆ ನಗು ಬರುತ್ತಿತ್ತು. ಹುಟ್ಟಿದ ಕೂಸನ್ನೂ ಸತ್ತವರನ್ನೂ ಇದೇ ಕೈಯಿಂದ ತೊಳೆದವಳು ನಾನು. ಸುಡುಗಾಡಿನ ಹಾದಿಯಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಓಡಾಡಿದ್ದೇನೆ. ನಾಯಿ ಬಿಟ್ಟರೆ ಮತ್ತಾರೂ ನನ್ನ ಬೆನ್ನು ಹತ್ತಿಲ್ಲ. ಮೈಮೇಲೆ ಬಂದಿದೆ ಎಂದು ಕುಣಿಯುವ ಹೆಂಗಸಿಗೆ ಹೊಟ್ಟೆ ತುಂಬ ರೊಟ್ಟಿ ಹಾಕಿ, ನಿದ್ದೆ ಮಾಡಲು ಬಿಡಿ, ತಾನೇ ಇಳಿಯುತ್ತದೆ ಎನ್ನುತ್ತಿದ್ದೆ. ಈಗಲೂ ಎನ್ನುತ್ತೇನೆ. ಆದರೆ ಒಂದು ಮಧ್ಯಾಹ್ನದ ಸಂಗತಿ ಮಾತ್ರ ಇಷ್ಟು ವರ್ಷವಾದರೂ ನನ್ನನ್ನು ಸುಮ್ಮನೆ ಕೂಡಲು ಬಿಡುವುದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ತವರು ಮಾನ್ವಿ ಕಡೆ. ಗಂಡ ಸತ್ತ ಮೇಲೆ ದೇವದುರ್ಗಕ್ಕೆ ಬಂದು ಒಬ್ಬ ಡಾಕ್ಟರ ದವಾಖಾನೆಯಲ್ಲಿ ಕೆಲಸಕ್ಕೆ ನಿಂತೆ. ಸೂಜಿ ಕುದಿಸುವುದು, ಬಾಟಲಿ ತೊಳೆಯುವುದು, ಹೆರಿಗೆಗೆ ಅವರ ಜೊತೆ ಹೋಗುವುದು. ಎಪ್ಪತ್ತರ ದಶಕದ ಮಾತು. ಸುತ್ತಲಿನ ಹಳ್ಳಿಗಳಿಗೆ ಎಲ್ಲದಕ್ಕೂ ಅವರೇ. ಹಲ್ಲು ಕೀಳುವವರೂ ಅವರೇ, ಹಾವು ಕಚ್ಚಿದರೆ ಕರೆಯುವುದೂ ಅವರನ್ನೇ. ಬಾವಡಿಯ ಮೆಟ್ಟಿಲಿಳಿದು ತಂದ ನೀರು ಕುಡಿದು ನಾರುಹುಣ್ಣಾದವರ ಕಾಲಿನಿಂದ ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು. ಅವಸರ ಮಾಡಿದರೆ ಹರಿದು ಒಳಗೇ ಉಳಿಯುತ್ತದೆ. ಅದಕ್ಕಾಗಿ ಒಂದೇ ಊರಿಗೆ ಮತ್ತೆ ಮತ್ತೆ ಹೋಗುತ್ತಿದ್ದರು. ಅವರ ಫಟಫಟಿಯ ಹಿಂದೆ ಚೀಲ ತೊಡೆಯ ಮೇಲಿಟ್ಟುಕೊಂಡು ನಾನು ಅಡ್ಡ ಕೂಡುತ್ತಿದ್ದೆ. ಓಣಿಯ ಹೆಂಗಸರು, "ಏನಬೇ, ಡಾಕ್ಟರನ ಹೇಣ್ತಿ ಆದೇನು?" ಎಂದು ಕಾಡುತ್ತಿದ್ದರು. "ಹೇಣ್ತಿ ಆಗಿದ್ರ ಮನ್ಯಾಗ ಮಲಗಿರ್ತಿದ್ದೆ, ಹಿಂಗ ಧೂಳು ತಿಂತಿದ್ದೆನಾ" ಎನ್ನುತ್ತಿದ್ದೆ.

ದೊಡ್ಡ ಮನೆಗಳಲ್ಲಿ ಇನ್ನೂ ಗೋಷಾ ಇತ್ತು. ಸೊಸೆಯಂದಿರು ಹೊರಗಿನ ಗಂಡಸಿಗೆ ಮುಖ ತೋರಿಸುವಂತಿಲ್ಲ. ಅವನು ಡಾಕ್ಟರನಾದರೂ ಅಷ್ಟೇ. ಬಾಗಿಲಿಗೆ ದಪ್ಪ ಪರದೆ ಕಟ್ಟುತ್ತಿದ್ದರು. ಡಾಕ್ಟರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂಡುವುದು, ಒಳಗಿನವಳು ಪರದೆಯ ಸಂದಿಯಿಂದ ಕೈ ಚಾಚುವುದು, ಅವರು ನಾಡಿ ಹಿಡಿದು ನೋಡುವುದು. ಹೊಟ್ಟೆ ಮುಟ್ಟಿ ನೋಡುವುದು ನನ್ನ ಪಾಲು. ನಾನು ಒಳಗಿನಿಂದ ಕೂಗಿ ಹೇಳುತ್ತಿದ್ದೆ. ನಾನೋ ಹಿತ್ತಲ ಬಾಗಿಲಿಂದ ಹೋಗಬೇಕಾದ ಜಾತಿಯವಳು. ಹೊರಟ ಮೇಲೆ ನೆಲ ತೊಳೆಯುತ್ತಿದ್ದರು. ಹೆರಿಗೆ ನೋವಿನ ಹೊತ್ತಿಗೆ ಮಾತ್ರ ಮೈಲಿಗೆ ಯಾರಿಗೂ ನೆನಪಾಗುತ್ತಿರಲಿಲ್ಲ.

ಆ ದಿನ ಕೃಷ್ಣಾ ದಂಡೆಯ ಊರೊಂದರ ವಾಡೆಯಿಂದ, ಅಂಥದೇ ದೊಡ್ಡ ಮನೆಯಿಂದ, ಕರೆ ಬಂತು. ಸೊಸೆ ನೀಲಮ್ಮನಿಗೆ ಚೊಚ್ಚಲು. ಹಿಂದಿನ ದಿನ ಹತ್ತಿದ ನೋವು ಬೆಳಗ್ಗೆ ತಾನಾಗಿ ನಿಂತಿತ್ತು. ನಾವು ಹೋದಾಗ ನೆತ್ತಿ ಸುಡುವ ಬಿಸಿಲು. ನಾನು ಒಳಗೆ ಹೋದೆ. ಅವಳ ಕೈಕಾಲು ಉಬ್ಬಿದ್ದವು. ಹಸಿರು ಬಳೆ ಮಣಿಕಟ್ಟಿನಲ್ಲಿ ಹೂತುಹೋಗಿದ್ದವು. ಮೊದಲು ಸಾಬೂನು ಹಚ್ಚಿ ಅವನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟೆ. ಕೈ ತಣ್ಣಗಿತ್ತು, ಬೆವರಿತ್ತು. ಮಂಚದ ತಲೆದೆಸೆಯಲ್ಲಿ ಕುಳಿತು ಅವಳ ಎರಡೂ ಕೈ ಹಿಡಿದು ಶುಂಠಿ ಪುಡಿ ಹಚ್ಚಿ ತಿಕ್ಕತೊಡಗಿದೆ. ಕೋಣೆಯಲ್ಲಿ ನಾವಿಬ್ಬರೇ. ಅವಳ ಅತ್ತೆ ಹೊರಗೆ ಡಾಕ್ಟರ ಹತ್ತಿರ ನಿಂತಿದ್ದರು.

ಕೈ ತಣ್ಣಗಾಗಿದೆ, ನನಗೆ ಸರಿ ಕಾಣುವುದಿಲ್ಲ, ರಾಯಚೂರಿಗೆ ಒಯ್ಯಬೇಕು ಎಂದು ಕೂಗಿದೆ.

"ನಿನ್ನ ಕೇಳಿಲ್ಲಬೇ," ಎಂದರು ಅತ್ತೆ. "ನೋವು ನಿಂತಾವ, ಮಲಗ್ಯಾಳ, ಮಲಗ್ಲಿ. ಈ ಮನಿ ಸೊಸಿ ಜೀಪಿನ್ಯಾಗ ಕುಂತು ಊರಿಗೆಲ್ಲ ಮಾರಿ ತೋರಿಸ್ಕೊಂತ ಹೋಗಂಗಿಲ್ಲ."

ಡಾಕ್ಟರು, ನಾಡಿ ನೋಡಿ ನಾನೇ ಹೇಳುತ್ತೇನೆ ಎಂದರು. "ಕೈ ಕೊಡವ್ವ ನೀಲಮ್ಮ."

ಮಂಚ ಗೋಡೆಯ ಕಡೆಗಿತ್ತು, ಪರದೆ ದೂರ. ಅವಳಿಗೆ ಏಳುವ ತ್ರಾಣವಿರಲಿಲ್ಲ. ತಡೆಯಿರಿ, ಏಳಲು ಆಗುವುದಿಲ್ಲ, ಪರದೆ ತೆಗೆಯಿರಿ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಚೆಯಿಂದ ಅವರ ದನಿ ಬಂತು: "ಹಾಂ, ಸಾಕು. ಹಂಗ ಇರ್ಲಿ."

ಪರದೆ ಸ್ವಲ್ಪ ಅಲುಗಿತ್ತು. ನಮ್ಮ ಕಡೆ ಅದರ ಹತ್ತಿರ ಯಾರೂ ಇರಲಿಲ್ಲ. ಬರಿ ನೆಲ. ನಾನು ನನ್ನ ಕೈಯನ್ನು ನೋಡಿಕೊಂಡೆ. ನೀಲಮ್ಮನ ಎರಡೂ ಕೈ ನನ್ನ ಕೈಯಲ್ಲೇ ಇದ್ದವು. ಹೊರಗೆ ಕುರ್ಚಿ ಉರುಳಿದ ಸದ್ದಾಯಿತು.

"ಜೀಪ್ ತರಸ್ರಿ," ಎಂದರು ಡಾಕ್ಟರು. "ನಾಡಿ ಜಾರಾಕತ್ತದ. ಮಾರಿ ಮುಚ್ಚಿಕೊಂಡ ಕುಂತ್ರ ಹೆಣ ಎತ್ತತೀರಿ."

ನನ್ನ ಮಾತಿಗೆ ಅಲುಗದ ಅತ್ತೆ ಆ ಮಾತಿಗೆ ಆಳನ್ನು ಜೀಪಿಗೆ ಓಡಿಸಿದರು. ನಾನು ಕೈ ಬಿಟ್ಟು ಎದ್ದು ಜೀಪಿನಲ್ಲಿ ಹಾಸಲು ಇನ್ನೊಂದು ಹಾಸಿಗೆ ಸುತ್ತಿದೆ. ಎಲ್ಲರೂ ಸೇರಿ ಅವಳನ್ನು ಜೀಪಿಗೆ ಹಾಕಿದೆವು. ರಾಯಚೂರು ಮುಟ್ಟಿದ ಕೂಡಲೇ ಆಪರೇಷನ್ ಆಯಿತು. ಹೆಣ್ಣು ಕೂಸು. ತಾಯಿಯೂ ಉಳಿದಳು. ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಇಲ್ಲ ಎಂದರು ಅಲ್ಲಿಯವರು.

ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿದೆ. ನೀನು ದಣಿದಿದ್ದೀ ಎಂದರು. ಅತ್ತೆಯನ್ನು ಕೇಳಿದೆ. ಅವರು ನನ್ನನ್ನೇ ಬೈದರು: ನನ್ನ ಸೊಸೆಯ ಕೈ ನನಗೆ ಗೊತ್ತಿಲ್ಲವೇ, ಹಸಿರು ಬಳೆ ತುಂಬಿದ ಕೈ ಕಣ್ಣಾರೆ ಕಂಡೆ ಎಂದರು. ಬಳೆ ಗೂಡಿನಲ್ಲಿದ್ದವು ಎಂದೆ.

ಡಾಕ್ಟರು ಅದಾದ ಮೇಲೆ ಪರದೆಯ ಈಚೆ ಕುಳಿತು ಯಾರ ನಾಡಿಯನ್ನೂ ನೋಡಲಿಲ್ಲ. ಮುಖ ತೋರಿಸದ ಮನೆಗೆ ಬರುವುದಿಲ್ಲ ಎಂದುಬಿಟ್ಟರು. ಕೆಲವು ವಾಡೆಗಳು ಅವರನ್ನು ಕರೆಯುವುದನ್ನೇ ಬಿಟ್ಟವು.

ಸುದ್ದಿ ಊರಿಗೆ ಹಬ್ಬಿ ಮನೆದೇವಿ ಕೈ ಚಾಚಿದಳು ಎಂದಾಯಿತು. ನನಗೆ ಅದು ಒಪ್ಪಲಿಲ್ಲ. ದೇವಿಯ ನಾಡಿ ಯಾಕೆ ಜಾರುತ್ತದೆ? ಸತ್ತವರದು ಎನ್ನೋಣವೆಂದರೆ ಸತ್ತವರಿಗೆ ನಾಡಿಯೇ ಇಲ್ಲ. ಡಾಕ್ಟರು ಹಿಡಿದದ್ದು ಸಾಯುತ್ತಿರುವ, ಇನ್ನೂ ಸಾಯದ ಕೈ.

ಎಂಬತ್ತರ ದಶಕದಲ್ಲಿ ಒಮ್ಮೆ ತವರಿಗೆಂದು ಹೋದಾಗ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಬಂದು, "ಯವ್ವಾ, ಗುರ್ತು ಹತ್ತಲಿಲ್ಲೇನು?" ಎಂದಳು. ನೀಲಮ್ಮ. ಮುಖದ ಮೇಲೆ ಸೆರಗಿಲ್ಲ. ಪಕ್ಕದಲ್ಲಿ ಎತ್ತರದ ಮಗಳು. ಆ ಮನೆಯವರು ನನ್ನನ್ನು ಯವ್ವಾ ಎಂದದ್ದು ಅದೇ ಮೊದಲು. ನಾನು ಸುತ್ತು ಬಳಸದೆ ಕೇಳಿದೆ, ಅವತ್ತು ಡಾಕ್ಟರಿಗೆ ಕೈ ಕೊಟ್ಟದ್ದು ನೆನಪಿದೆಯೇ ಎಂದು.

"ನೆನಪಿಲ್ದ ಏನು? ನಾಡಿ ಹಿಡದ ಅವರ ಬಟ್ಟು ಬಿಸಿ ಇದ್ದವು. ಕೈಯಾಗಿನ ಹಸಿರು ಬಳಿ ಸದ್ದಾದ್ವು. ಅತ್ತಿ ಹೊರಗ ಒದರಾಕತ್ತಿದ್ರು."

"ಮತ್ತ ನಾ ನಿಮ್ಮ ಕೈ ಹಿಡದು ತಿಕ್ಕಾಕತ್ತಿದ್ದೆನಲ್ರೀ?"

ಅವಳು ನನ್ನನ್ನು ಒಂದು ನಮೂನೆ ನೋಡಿದಳು.

"ನನ್ನ ಕೈ ಯಾರೂ ತಿಕ್ಕಲಿಲ್ಲ ಯವ್ವಾ. ನಾ ಎದ್ದು ಪರದಿ ಹತ್ರ ಹೋಗಿದ್ದೆ, ನೀ ಅಲ್ಲೆ ಮಂಚದ ಮ್ಯಾಗ ಒಬ್ಬಾಕೀನ ಕುಂತಿದ್ದಿ. ಏನೋ ಹಿಡದವರಂಗ ಬರಿ ಗಾಳೀನ ತಿಕ್ಕಾಕತ್ತಿದ್ದಿ. ನಿನ್ನ ನೋಡೇ ನನಗ ಅಂಜಿಕಿ ಬಂತು."

ಸಿರವಾರದ ಬಸ್ ಬಂತು. ತಾಯಿ ಮಗಳು ಹತ್ತಿಕೊಂಡು ಹೋದರು.

ಗಾಳಿ ಎಂದರೆ ನಾನು ಒಪ್ಪುವುದಿಲ್ಲ. ಉಬ್ಬಿದ ಬೆರಳು, ಬಳೆ ತೆಗೆದ ಕಡೆ ಕೆಂಪಗೆ ಕೊರೆದ ಗೆರೆ, ನನ್ನ ಅಂಗೈಗೆ ಅಂಟಿದ ಬೆವರು ಎಲ್ಲ ಇತ್ತು. ತಿಕ್ಕಿದಷ್ಟೂ ಆ ಕೈ ತಣ್ಣಗಾಗುತ್ತಿತ್ತು. ಅದು ನೀಲಮ್ಮನದಲ್ಲ ಎಂದು ನೀಲಮ್ಮನೇ ಹೇಳುತ್ತಾಳೆ. ಹಾಗಾದರೆ ಆ ಮಂಚದ ಮೇಲೆ ಇನ್ನೊಬ್ಬಳು ಮಲಗಿದ್ದಳು. ಯಾರು, ಯಾವ ಊರಿನವಳು, ನನಗೆ ಗೊತ್ತಿಲ್ಲ. ಜೀಪ್ ಬಂತೆಂದು ನಾನು ಅವಳ ಕೈ ಬಿಟ್ಟು ಎದ್ದೆ. ಅವಳನ್ನು ಯಾರೂ ರಾಯಚೂರಿಗೆ ಒಯ್ಯಲಿಲ್ಲ.