ಡಾಂಬರಿನ ಮೇಲೆ ಅಜ್ಜಿಯ ಭತ್ತ

ಬೆಳಿಗ್ಗೆ ಕಿಟಕಿ ತೆರೆದದ್ದೇ ತಡ, ಬಿಸಿ ಡಾಂಬರಿನ ವಾಸನೆ ಮೂಗಿಗೆ ಬಡಿಯಿತು. ವಂಡ್ಸೆಯ ನಮ್ಮ ಮನೆಯೆದುರಿನ ರಸ್ತೆಗೆ, ಮಳೆ ಹಿಡಿಯುವ ಮೊದಲು ಮತ್ತೆ ತೇಪೆ ಹಾಕುತ್ತಿದ್ದಾರೆ. ನನಗೆ ಮಾತ್ರ ಅದರ ಜೊತೆ ಬೇಯಿಸಿದ ಭತ್ತದ ವಾಸನೆಯೂ ಬಂತು.

ಹಿಂದೊಮ್ಮೆ ಹೀಗೇ ತೇಪೆ ಹಾಕಿದಾಗ ನಾನು ಮೂರನೇ ಕ್ಲಾಸು. ಬಿರುಕುಗಳಿಗೆ ನೀರು ಇಳಿಯದಿರಲೆಂದು ರಸ್ತೆ ಕೆಲಸದ ಮೇಸ್ತ್ರಿ ತೆಳ್ಳಗೆ ಡಾಂಬರು ಹೊಯ್ಸಿ, ಮೇಲೆ ಎರಚಲು ಮರಳು ತರುವುದಕ್ಕೆ ಹೋಗಿದ್ದರು. ಕುಚ್ಚಲಕ್ಕಿಗೆಂದು ಭತ್ತ ಬೇಯಿಸಿಟ್ಟಿದ್ದ ನಮ್ಮಜ್ಜಿಗೆ, ಅಂಗಳಕ್ಕಿಂತ ಬೇಗ ಒಣಗಿಸಿಕೊಡುವ ಆ ಕಪ್ಪು ರಸ್ತೆಯೆಂದರೆ ಮೊದಲಿನಿಂದಲೂ ಪ್ರೀತಿ. ಕಣ್ಣು ಬೇರೆ ಮಂಜು. ಎರಡು ಬುಟ್ಟಿ ಭತ್ತ ಹರವಿಯೇಬಿಟ್ಟರು. ಎಂದಿನಂತೆ ಕಾಲಿನಲ್ಲಿ ಸಾಲು ಎಳೆಯಲು ಹೋದರೆ ಕಾಲೂ ಬರಲಿಲ್ಲ, ಭತ್ತವೂ ಬರಲಿಲ್ಲ.

ಮರಳಿನೊಡನೆ ಬಂದ ಮೇಸ್ತ್ರಿ ತಲೆಗೆ ಕೈ ಇಟ್ಟುಕೊಂಡರು. "ಹ್ವಾಯ್ ಅಮ್ಮ, ಎಂತ ಮಾಡ್ದ್ರಿ ಇದ್? ಇಲ್ಲ್ ಮರಳ್ ಹಾಕೂಕಿತ್ತ್!"

ಅಜ್ಜಿ ಕಾಲು ಕೀಳುತ್ತಲೇ, "ನಾನ್ ಭತ್ತ ಹಾಕಿದ್ನಲ್ದಾ? ನಿಮ್ದ್ ಎರಡ್ ಬುಟ್ಟಿ ಮರಳ್ ಉಳೀತ್" ಎಂದರು.

ಬೈಯಲು ಬಾಯಿ ತೆರೆದ ಮೇಸ್ತ್ರಿ ನಕ್ಕುಬಿಟ್ಟರು. ಭತ್ತದ ಮೇಲೆಯೇ ಮರಳು ಬಿತ್ತು. ಆ ಮಳೆಗಾಲ ಆಚೀಚೆ ಹೊಂಡ ಬಿದ್ದರೂ ನಮ್ಮನೆಯೆದುರು ಏನೂ ಆಗಲಿಲ್ಲ. "ಕಾಣಿ, ನಮ್ ಭತ್ತ ಎಷ್ಟ್ ಗಟ್ಟಿ" ಎಂದು ಅಜ್ಜಿ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸುತ್ತಿದ್ದರು.

ಇದನ್ನು ಬರೆಯುತ್ತಿರುವಾಗ ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಕಂಕುಳಲ್ಲಿ ಸುತ್ತಿದ ಚಾಪೆ, ಕೈಯಲ್ಲಿ ಹಲಸಿನ ಹಸಿ ಹಪ್ಪಳದ ತಟ್ಟೆ.

"ಡಾಂಬರ್ ಒಣಗಿತಾ ಕಾಣ್ ಮಗಾ."