ವಾಸುವಿನ ಶಿಫ್ಟ್

ಆ ಭಾನುವಾರ ವಾಸು ಪಡ್ಡು ಬೇಡವೆಂದ.

ನಮ್ಮ ಮನೆಯಲ್ಲಿ ಇದು ಸಣ್ಣ ಸುದ್ದಿಯಲ್ಲ. ವಾಸು ನನ್ನ ತಮ್ಮ. ಮೂವತ್ತಾರು ವರ್ಷ. ಭಾನುವಾರ ಬೆಳಿಗ್ಗೆ ಒಂದು ಹಂಚಿನ ಪಡ್ಡು ಅವನದೇ. ಎಣ್ಣೆ ಧಾರಾಳವಾಗಿರಬೇಕು, ಚಟ್ನಿ ಬೇರೆ ಬಟ್ಟಲಲ್ಲಿರಬೇಕು. ಅಪ್ಪ ತೀರಿಕೊಂಡ ವಾರವೂ ಇದನ್ನು ತಪ್ಪಿಸಿರಲಿಲ್ಲ. ಸೂತಕದ ಮನೆಯಲ್ಲಿ ಪಡ್ಡು ಹಾಕಿದಳೆಂದು ನೆಂಟರು ಆಡಿಕೊಂಡಿದ್ದರು. ಆಡಿಕೊಳ್ಳಲಿ ಎಂದು ಎರಡನೇ ಹಂಚೂ ಹಾಕಿದ್ದೆ.

"ಯಾಕೋ ಬೇಡ?" ಎಂದೆ.

"ಶಿಫ್ಟ್ ಬರುತ್ತೆ," ಎಂದ. ಬಲಭುಜವನ್ನು ಎಡಗೈಯಿಂದ ಟಪಟಪ ಹೊಡೆದುಕೊಂಡ.

ನಾವಿರುವುದು ಭದ್ರಾವತಿಯ ನ್ಯೂಟೌನಿನಲ್ಲಿ. ಅಪ್ಪ ಕಾರ್ಖಾನೆಯಲ್ಲಿದ್ದವರು. ಬೆಳಿಗ್ಗೆ ಆರರಿಂದ ಎ ಶಿಫ್ಟ್, ಮಧ್ಯಾಹ್ನ ಎರಡರಿಂದ ಬಿ ಶಿಫ್ಟ್, ರಾತ್ರಿ ಹತ್ತರಿಂದ ಸಿ; ಆಫೀಸಿನವರಿಗೆ ಹಗಲಿನ ಜನರಲ್ ಶಿಫ್ಟ್. ವಾಸು ಗಡಿಯಾರ ನೋಡುವುದನ್ನು ಕಲಿಯುವ ಮೊದಲೇ ಸೈರನ್ ಕೇಳಿ ಹೊತ್ತು ಹೇಳುತ್ತಿದ್ದ. ಆಟಿಸಂ ಎಂಬ ಪದ ನಮ್ಮ ಮನೆಗೆ ಬಂದದ್ದು ಅವನಿಗೆ ಹತ್ತೊಂಬತ್ತಾದ ಮೇಲೆ. ಶಿಫ್ಟ್ ಎಂಬ ಪದ ಅದಕ್ಕಿಂತ ಬಹಳ ಮೊದಲಿನಿಂದ ಇತ್ತು. ಹಾಗಾಗಿ ಅವನು ಶಿಫ್ಟ್ ಎಂದಾಗ ನನಗೆ ಅಪ್ಪನೇ ಕಂಡರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಉತ್ತರ ಬೇಗ ಹೇಳುವ ಚಟವಿದೆ. ವಾಸುವನ್ನು ಯಾರು ಏನು ಕೇಳಿದರೂ ಇಪ್ಪತ್ತು ವರ್ಷದಿಂದ ಉತ್ತರ ನನ್ನದೇ. ಅವನಿಗೆ ಮನಸ್ಸು ಶಾಂತವಾಗಿರಲು ಮಾತ್ರೆ ಬರೆಯುವ ಡಾಕ್ಟರಿಗೆ ಫೋನ್ ಮಾಡಿ ನಾನೇ ಹೇಳಿದೆ: "ಅಪ್ಪನ ನೆನಪು ಜಾಸ್ತಿಯಾಗಿದೆ ಸರ್. ಊಟ ಬಿಟ್ಟಿದಾನೆ, ಮೈ ಹೊಡ್ಕೊಳ್ತಾನೆ." ಡೋಸ್ ಏರಿತು. ವಾಸು ಹೆಚ್ಚು ಮಲಗತೊಡಗಿದ. ಹೊಡೆದುಕೊಳ್ಳುವುದು ನಿಲ್ಲಲಿಲ್ಲ.

ನಮ್ಮ ರಸ್ತೆಯ ತಿರುವಿನಲ್ಲಿ ಸೆಲ್ವಣ್ಣನ ಬೇಕರಿಯಿದೆ. ವಾಸು ಬೆಳಗಿನ ಹೊತ್ತು ಅಲ್ಲಿ ಸ್ವೀಟ್ ಬಾಕ್ಸ್ ಮಡಿಸುತ್ತಾನೆ. ಅವನು ಮಡಿಸಿದ ಬಾಕ್ಸಿನ ಮೂಲೆ ಅಳೆದು ಕೊಯ್ದ ಹಾಗಿರುತ್ತದೆ. ಒಂದು ದಿನ ನಾನು ಶಾಲೆಯಿಂದ ಬರುವಾಗ ಸೆಲ್ವಣ್ಣ ಕೈಯೊರೆಸಿಕೊಳ್ಳುತ್ತ ರಸ್ತೆಗೇ ಬಂದರು.

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ವಾಸು ಶಿಫ್ಟ್ ಬಂತು ಅಂತಾನಲ್ಲ, ಆಗ ಹಣೆ ಮೇಲೆ ನೀರು ಇಳಿಯುತ್ತೆ. ಶಿಫ್ಟ್ ಬಿಡ್ತು ಅಂತಾನೆ, ಬೆವರು ನಿಲ್ಲುತ್ತೆ. ನೆನಪಿಗೆ ಯಾರಾದ್ರೂ ಹಂಗೆ ಬೆವರ್ತಾರಾ?"

ನಾನು ಮನೆಗೆ ಬಂದು ಅಡುಗೆಮನೆಯ ಕಪಾಟು ತೆರೆದು, ಬಾಗಿಲ ಹಿಂಬದಿಯ ಕ್ಯಾಲೆಂಡರ್ ಮುಂದೆ ನಿಂತೆ.

ಅಪ್ಪ ಪ್ರತಿ ತಾರೀಕಿನ ಮೂಲೆಯಲ್ಲಿ ತಮ್ಮ ಶಿಫ್ಟ್ ಬರೆದಿಡುತ್ತಿದ್ದರು. ಅವರು ಹೋದ ಮೇಲೂ ವಾಸು ಬರೆಯುವುದನ್ನು ಮುಂದುವರಿಸಿದ್ದ. ನಾನದನ್ನು ಅಭ್ಯಾಸಬಲ ಎಂದುಕೊಂಡಿದ್ದೆ. ಸರಿಯಾಗಿ ನೋಡಿದ್ದು ಅಂದೇ. ಹಳೆಯ ತಿಂಗಳುಗಳ ಚೌಕಗಳಲ್ಲೆಲ್ಲ ಡಬ್ಲ್ಯೂ.ಓ. ಎಂದಿತ್ತು, ಅಂದರೆ ವೀಕ್ಲಿ ಆಫ್. ಕಳೆದ ಮೂರು ತಿಂಗಳು ಮಾತ್ರ ಬೇರೆ. ಪಡ್ಡು ತಿಂದ ಭಾನುವಾರಗಳಲ್ಲೆಲ್ಲ ಎ. ಬೇಕರಿಯಿಂದ ಪಫ್ಸ್ ತಂದು ತಿಂದ ಸಂಜೆಗಳಲ್ಲಿ ಬಿ. ಅನ್ನ, ತಿಳಿಸಾರು ಮಾಡಿದ ದಿನ ಮತ್ತೆ ಡಬ್ಲ್ಯೂ.ಓ. ಒಂದೂ ತಪ್ಪಿರಲಿಲ್ಲ. ಕೊನೆಯ ಎರಡು ಚೌಕಗಳಲ್ಲಿ ಮೂರೂ ಅಕ್ಷರ, ಅವುಗಳ ಕೆಳಗೆ ಓ.ಟಿ. ಎಂದಿತ್ತು, ಅಂದರೆ ಓವರ್‌ಟೈಮ್, ಬಿಡದ ಶಿಫ್ಟ್.

ಅದು ನೋವಿನ ಲೆಕ್ಕವಾಗಿತ್ತು.

ಬೋರ್ಡಿನ ಮೇಲೆ ಎಷ್ಟೋ ಲೆಕ್ಕ ಬಿಡಿಸಿದ್ದೇನೆ. ಇಷ್ಟು ಸ್ವಚ್ಛವಾದದ್ದನ್ನು ನೋಡಿರಲಿಲ್ಲ. ಮೂರು ತಿಂಗಳು ಅವನು ದಿನವೂ ಹೇಳಿದ್ದಾನೆ, ಬರೆದೂ ಇಟ್ಟಿದ್ದಾನೆ. ನಾನು ಆ ಬಾಗಿಲು ತೆರೆದು ಕಾಫಿಪುಡಿ ತೆಗೆದು ಮತ್ತೆ ಮುಚ್ಚಿದ್ದೇನೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈ ತಮ್ಮನನ್ನು ನಾನು ಈಗ ತಾನೇ ಮೊದಲ ಸಲ ಭೇಟಿಯಾಗುತ್ತಿದ್ದೇನೆ ಅನ್ನಿಸಿತು. ಮಂಚದ ಮೇಲಿದ್ದ ಅವನ ಹಣೆ ಮುಟ್ಟಿದೆ. ಸುಡುತ್ತಿತ್ತು.

ಸೆಲ್ವಣ್ಣನ ವ್ಯಾನಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ಕ್ಯಾಲೆಂಡರನ್ನು ವಾಸು ಸುರುಳಿ ಸುತ್ತಿ ಹಿಡಿದುಕೊಂಡಿದ್ದ. ಆಸ್ಪತ್ರೆಯ ಸರ್ಜನ್ ನನ್ನ ವಯಸ್ಸಿನ ಹೆಂಗಸು. ಯಾವಾಗಿನಿಂದ ನೋವು ಎಂದು ಕೇಳಿದರು. ನಾನು ಎಂದಿನಂತೆ ಬಾಯಿ ತೆರೆದೆ.

"ಮೇಡಂ, ನೀವು ಒಂದು ನಿಮಿಷ ಸುಮ್ನಿರ್ತೀರಾ? ಅವರನ್ನೇ ಕೇಳ್ತೀನಿ," ಎಂದರು.

ಕೇಳಿದರು. ಕಾದರು. ಮತ್ತೆ ಕೇಳಲಿಲ್ಲ, ಕಾದರು. ಅಷ್ಟು ಹೊತ್ತು ಯಾರೂ ವಾಸುವಿನ ಉತ್ತರಕ್ಕೆ ಕಾದದ್ದನ್ನು ನಾನು ಕಂಡಿಲ್ಲ. ನಾನಂತೂ ಕಾದಿಲ್ಲ. ಕೊನೆಗೆ ಅವನು ಕ್ಯಾಲೆಂಡರ್ ಬಿಚ್ಚಿ ಮೇಜಿನ ಮೇಲಿಟ್ಟು, ಮೊದಲ ಎ ಮೇಲೆ ಬೆರಳಿಟ್ಟ. ಅಕ್ಷರಗಳ ಅರ್ಥವನ್ನಷ್ಟೇ ನಾನು ಹೇಳಿದೆ; ಡಾಕ್ಟರ್ ಒಂದೊಂದೇ ಚೌಕ ಓದಿದರು. ನನ್ನ ಕಡೆ ತಿರುಗಿ, "ನನ್ನ ಪೇಷಂಟುಗಳಲ್ಲಿ ಯಾರೂ ಇಷ್ಟು ಚೆನ್ನಾಗಿ ಹಿಸ್ಟರಿ ಕೊಟ್ಟಿಲ್ಲ," ಎಂದರು. ಭುಜ ಹೊಡೆದುಕೊಳ್ಳುವುದಕ್ಕೂ ಅವರಲ್ಲಿ ಅರ್ಥವಿತ್ತು. ಎಣ್ಣೆ ತಿಂದರೆ ಕೆರಳುವ ಪಿತ್ತಕೋಶದ ನೋವು ಕೆಲವರಿಗೆ ಬಲಭುಜದಲ್ಲಿ ಕಾಣಿಸುತ್ತದಂತೆ.

ಸ್ಕ್ಯಾನ್ ಆಯಿತು. ರೂಮಿನ ಒಂದು ಲೈಟ್ ಆರಿಸಿದರು, ತಣ್ಣನೆಯ ಜೆಲ್ಲನ್ನು ಮೊದಲು ಅವನ ಅಂಗೈಗೆ ಹಚ್ಚಿ ತೋರಿಸಿದರು. ಪಿತ್ತಕೋಶದ ತುಂಬ ಕಲ್ಲು. ಸೋಂಕು ತಗುಲಿ ಊದಿಕೊಂಡಿದೆ. ಇನ್ನು ತಡಮಾಡಿದರೆ ಒಡೆಯಬಹುದು ಎಂದರು. ಡ್ರಿಪ್ ಹಾಕಿ, ಮರುದಿನ ಬೆಳಿಗ್ಗೆ ಆಪರೇಷನ್ ಎಂದಾಯಿತು.

ಬೆಳಿಗ್ಗೆ ನರ್ಸ್ ನಗುನಗುತ್ತ ಬಂದಳು. "ರೆಡಿನಾ ಅಣ್ಣ? ಎಂಟು ಗಂಟೆಗೆ ಓಟಿ."

ವಾಸು ಮಂಚದಿಂದ ಇಳಿದು ಗೋಡೆಯ ಸಂದಿಗೆ ಸರಿದ. ಡ್ರಿಪ್ಪಿನ ಸ್ಟ್ಯಾಂಡ್ ವಾಲಿತು. ಎರಡೂ ಕಿವಿ ಮುಚ್ಚಿಕೊಂಡು, "ಓಟಿ ಬೇಡ, ಓಟಿ ಬೇಡ," ಎನ್ನತೊಡಗಿದ.

"ಭಯ ಪಡ್ಬೇಡಿ ಅಣ್ಣ, ಓಟೀಲಿ ಏನೂ ಗೊತ್ತಾಗಲ್ಲ," ಎಂದಳು ಆ ಪುಣ್ಯಾತ್ಗಿತ್ತಿ. ಅವಳು ಓಟಿ ಎಂದಷ್ಟೂ ಅವನು ಇನ್ನಷ್ಟು ಸಂದಿಗೆ ಸರಿದ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳಿಗೆ ಓಟಿ ಎಂದರೆ ಆಪರೇಷನ್ ಥಿಯೇಟರ್. ಅವನಿಗೆ ಓಟಿ ಎಂದರೆ ಬಿಡದೆ ಹಿಡಿದ ನೋವು. ಎಂಟು ಗಂಟೆಗೆ ಅದನ್ನೇ ಕೊಡುತ್ತೇವೆ ಎಂದು ಇವರು ನಗುತ್ತ ಹೇಳುತ್ತಿದ್ದಾರೆ. ಹಿಡಿದೆಳೆದು ಮಲಗಿಸುವುದೋ, ಆಪರೇಷನ್ ಮುಂದೂಡುವುದೋ ಎಂದು ಹೊರಗೆ ಮಾತು ನಡೆದಿತ್ತು. ನಾನು ಡಾಕ್ಟರ್ ಬಳಿ ಓಡಿ, ಅಪ್ಪನ ಕಾರ್ಖಾನೆಯಿಂದ ಹಿಡಿದು ವಿಷಯ ಹೇಳಿದೆ.

ಅವರು ಬಂದು, ಸಂದಿಯ ಎದುರು ನೆಲದ ಮೇಲೆ ಕೂತರು.

"ವಾಸು, ಇದು ನಿಮ್ಮ ಓಟಿ ಅಲ್ಲ. ನಂದೇ ತಪ್ಪು. ಅಪ್ಪನಿಗೆ ಶಿಫ್ಟ್ ಬಿಡಿಸೋಕೆ ಯಾರು ಬರ್ತಿದ್ರು?"

ನನ್ನ ನಾಲಿಗೆ ತುದಿಯಲ್ಲೇ ಉತ್ತರವಿತ್ತು. ಸೆರಗು ಕಚ್ಚಿಕೊಂಡು ನಿಂತೆ.

"ರಿಲೀವರ್."

"ನಾನು ರಿಲೀವರ್. ಚಾರ್ಜ್ ಕೊಡ್ತೀರಾ?"

ವಾಸು ಕಿವಿಯಿಂದ ಕೈ ತೆಗೆದ. ದಿಂಬಿನ ಕೆಳಗಿದ್ದ ಕ್ಯಾಲೆಂಡರ್ ತೆಗೆದು ಎರಡೂ ಕೈಯಲ್ಲಿ ಅವರಿಗೆ ಕೊಟ್ಟ. ಆಮೇಲೆ ತಾನೇ ಹೋಗಿ ಸ್ಟ್ರೆಚರ್ ಮೇಲೆ ಮಲಗಿದ, ಕಾಲು ಜೋಡಿಸಿಕೊಂಡು, ನೇರವಾಗಿ. ಅಪ್ಪ ಡ್ಯೂಟಿ ಮುಗಿಸಿ ಬಂದು ಮಲಗುತ್ತಿದ್ದುದೂ ಹಾಗೇ. ನಾನು ಕಾರಿಡಾರಿನಲ್ಲಿ ಅತ್ತೆ. ಹೆದರಿಕೆಗಲ್ಲ. ಅಷ್ಟು ನೋವನ್ನು ಅಷ್ಟು ಅಚ್ಚುಕಟ್ಟಾಗಿ ಹೊತ್ತು, ಅಷ್ಟು ಮರ್ಯಾದೆಯಿಂದ ಇನ್ನೊಬ್ಬರ ಕೈಗೆ ಒಪ್ಪಿಸಿದವನನ್ನು ಕಂಡು.

ಆಪರೇಷನ್ ಸರಿಯಾಗಿಯೇ ಆಗಿ ಎರಡು ತಿಂಗಳು. ಹೆಚ್ಚಿಸಿದ್ದ ಮಾತ್ರೆಯನ್ನು ಅದನ್ನು ಬರೆದ ಡಾಕ್ಟರೇ ನಿಧಾನಕ್ಕೆ ಇಳಿಸುತ್ತಿದ್ದಾರೆ. ಪಡ್ಡಿಗೆ ಸದ್ಯ ಎಣ್ಣೆ ಕಡಿಮೆ. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ರಾಜಿಯಾಗಿಲ್ಲ. ಮುಂದೆ ಅವನಿಗೆ ಇನ್ನೇನೋ ಆಗಬಹುದು, ನನಗೂ ಆಗಬಹುದು. ನಾನು ಮೊದಲು ಹೋದರೆ ಅವನ ಮಾತು ಗೊತ್ತಿರುವವರು ಯಾರಿರುತ್ತಾರೆ ಎಂಬ ಚಿಂತೆ ಹೋಗಿಲ್ಲ. ಸದ್ಯಕ್ಕೆ ಅವನ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಯ ಫೈಲಿನ ಮೇಲೆ ಅಂಟಿಸಿದ್ದೇನೆ. ಸೆಲ್ವಣ್ಣನ ಹತ್ತಿರವೂ ಒಂದು ಪ್ರತಿಯಿದೆ.

ಶಾಲೆಯಿಂದ ಬಂದು ದಿನವೂ ಕೇಳುತ್ತೇನೆ: "ಇವತ್ತು ಯಾವ ಶಿಫ್ಟ್ ವಾಸು?" ಆಮೇಲೆ ಕಾಯುತ್ತೇನೆ. ಕಾಯುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

"ವೀಕ್ಲಿ ಆಫ್," ಎನ್ನುತ್ತಾನೆ.

ಮೊನ್ನೆ ಹಾಗೆ ಹೇಳಿದವನು ಅಲ್ಲಿಗೇ ನಿಲ್ಲಿಸಲಿಲ್ಲ. ನನ್ನನ್ನು ನೋಡದೆ, ಕಿಟಕಿಯ ಕಡೆ ತಿರುಗಿ, "ಅಕ್ಕಂಗೆ ಯಾವ ಶಿಫ್ಟ್?" ಎಂದ.

ಮೂವತ್ತಾರು ವರ್ಷದಲ್ಲಿ ಮೊದಲ ಸಲ.

ಇಡೀ ದಿನ ನಿಂತು ಪಾಠ ಮಾಡಿ ನನ್ನ ಸೊಂಟ ಹಿಡಿದುಕೊಂಡಿತ್ತು. ಏನಿಲ್ಲ ಮಾರಾಯ ಎನ್ನಲು ಹೊರಟವಳು ಸುಮ್ಮನಾದೆ. ಅವನು ಕಾಯುತ್ತಿದ್ದ.

"ಜನರಲ್ ಶಿಫ್ಟ್ ಕಣೋ," ಎಂದೆ.

"ಜನರಲ್ ಐದಕ್ಕೆ ಬಿಡುತ್ತೆ," ಎಂದು ನನ್ನ ಪಕ್ಕ ಬಂದು ಕೂತ. ಗಡಿಯಾರದಲ್ಲಿ ಇನ್ನೂ ಹತ್ತು ನಿಮಿಷವಿತ್ತು. ಐದಾಗುವವರೆಗೂ ಅವನು ಏಳಲಿಲ್ಲ.