ಶುಗರ್ ಆಗಿ ಮರಳಿ ಬಂದ ಸಕ್ಕರೆ

ನಮ್ಮ ಮನೆಯಲ್ಲಿ ಸಕ್ಕರೆ ಬೇರೆ, ಶುಗರ್ ಬೇರೆ. ಸಕ್ಕರೆ ಡಬ್ಬಿಯಲ್ಲಿರುತ್ತದೆ, ಶುಗರ್ ನನ್ನಲ್ಲಿರುತ್ತದೆ. ಮೊದಲನೆಯದನ್ನು ಅಂಗಡಿಗೆ ಹೋಗಿ ತರಬೇಕು. ಎರಡನೆಯದು ತಾನಾಗಿಯೇ ಬಂತು, ಬಂದದ್ದು ಹೋಗಲಿಲ್ಲ. ಡಾಕ್ಟರು ಮೊದಲ ಸಲ ಈ ಸುದ್ದಿ ಹೇಳಿದಾಗ ನಾನು, "ಎಷ್ಟ್ ಐತ್ರಿ?" ಎಂದು ಕೇಳಿದೆ. "ಬಾಳ ಐತಿ" ಎಂದರು. ಬಹಳ ಇದೆ ಎಂದರೆ ಒಳ್ಳೆಯದೇ ಇರಬೇಕು ಎಂದುಕೊಂಡು ಸಮಾಧಾನದಿಂದ ಮನೆಗೆ ಬಂದೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳ ತಿಳಿವಳಿಕೆ ಇಷ್ಟೇ ನೋಡಿ.

ನಮ್ಮೂರು ಮೂಡಲಗಿ. ಇಲ್ಲಿ ಶುಗರ್ ಬಂದವರ ಪಾಡು ಬೇರೆ ಊರಿನವರಿಗೆ ತಿಳಿಯುವುದಿಲ್ಲ. ಹೊಸ್ತಿಲು ದಾಟಿದರೆ ಕಬ್ಬು. ಗೋಕಾಕದ ಬಸ್ಸು ಹತ್ತಿದರೆ ಮುಂದೊಂದು ಕಬ್ಬಿನ ಟ್ರ್ಯಾಕ್ಟರು, ಅದು ದಾರಿ ಬಿಡುವ ತನಕ ಕಬ್ಬಿನ ಬಾಲ ನೋಡುತ್ತ ಕೂಡಬೇಕು. ಗೋಕಾಕ ಮುಟ್ಟಿದೆವು, ಇನ್ನು ಪಾರಾದೆವು ಎಂದರೆ ಕರದಂಟಿನ ಅಂಗಡಿಗಳು. ಡಾಕ್ಟರ ಮನೆಗೆ ಹೋಗುವ ದಾರಿಯಲ್ಲೇ ಅವು ಇರಬೇಕೆ? ತುಪ್ಪದ ವಾಸನೆಗೆ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಮಂಡಿನೋವು ಎಂದು ನಾನು ಜೊತೆಯವರಿಗೆ ಹೇಳುತ್ತೇನೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದಿದ್ದೆ. ಆದರೆ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತ ತಿರುಗುತ್ತೀ ಎಂದು ಮನೆಯವರು ಬೈದಿದ್ದರಿಂದ ಸ್ವಲ್ಪ ತಡೆದುಕೊಂಡೆ. ಬೈದದ್ದು ಸುಳ್ಳಲ್ಲ. ಬಸ್ಸಿನ ಕಂಡಕ್ಟರಿಗೂ ಹೇಳಿದ್ದೆ. "ಬಾಳ ಚಲೋ ಆತ್ರಿ ಆಯಿ, ಟಿಕೀಟ್ ತಗೋರಿ" ಎಂದ. ಚಲೋ ಮನುಷ್ಯ.

ನನ್ನ ಮಗಳು ಸುನಂದಾ ಹುಕ್ಕೇರಿಯಲ್ಲಿ ನರ್ಸು. ಅವಳ ಗಂಡ ಅಲ್ಲೇ ಮಾಸ್ತರು. ಮದುವೆಯಾಗಿ ಎಷ್ಟೋ ವರ್ಷ ಕಾದು, ಕಾಯುವುದನ್ನು ಎಲ್ಲರೂ ಬಿಟ್ಟ ಮೇಲೆ ಈ ಕೂಸು ಬಂತು. ಹೆರಿಗೆ ಗೋಕಾಕದಲ್ಲಿ, ಬಾಣಂತನ ನಮ್ಮಲ್ಲಿ. ನಮ್ಮ ಕಡೆ ಒಂದು ರೂಢಿ ಇದೆ. ಹುಟ್ಟಿದ ಕೂಸಿಗೆ ಹಿರಿಯರೊಬ್ಬರು ಬೆರಳಿನ ತುದಿಗೆ ಜೇನು ಹಚ್ಚಿ ನೆಕ್ಕಿಸುತ್ತಾರೆ. ಯಾರ ಬೆರಳೋ ಅವರ ಗುಣ ಕೂಸಿಗೆ ಬರುತ್ತದಂತೆ. ನನಗೆ ನೆಕ್ಕಿಸಿದವಳು ನನ್ನಪ್ಪನ ಸೋದರತ್ತೆ. ಆಕೆ ಬಾಯಿ ತೆರೆದರೆ ಸಂತೆ ನಿಲ್ಲುತ್ತಿತ್ತಂತೆ. ಹಾಗಾಗಿ ನನ್ನ ಮಾತಿಗೆ ನಾನು ಜವಾಬ್ದಾರಳಲ್ಲ.

ಈ ಸಲದ ಬೆರಳು ನನ್ನದೇ ಆಗಬೇಕೆಂದು ಮನಸ್ಸಿನಲ್ಲಿ ಎಂದೋ ಗೊತ್ತು ಮಾಡಿಕೊಂಡಿದ್ದೆ. ಹೆಚ್ಚು ಓದದವಳು ಮೊಮ್ಮಗಳಿಗೆ ಬೇರೇನು ಕೊಟ್ಟಾಳು? ಸಣ್ಣ ಬಾಟಲಿಯಲ್ಲಿ ಜೇನು ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಮುಚ್ಚಳ ತೆಗೆಯುವ ಮೊದಲೇ ಸುನಂದಾ ಹಾಸಿಗೆಯಿಂದಲೇ ಕಣ್ಣು ಬಿಟ್ಟಳು.

"ಅವ್ವಾ, ಆ ಬಾಟ್ಲಿ ಒಳಗ ಇಡು."

"ಜೇನವಾ. ಒಂದ ಹನಿ."

"ವರ್ಷ ತುಂಬೂ ತನಕ ಕೂಸಿಗಿ ಜೇನ ಕೊಡಬಾರ್ದು. ಸಕ್ಕರಿನೂ ಬ್ಯಾಡ, ಬೆಲ್ಲಾನೂ ಬ್ಯಾಡ. ಈಗ ತಾಯಿ ಹಾಲ ಒಂದ."

"ನಿನಗ ನಿಮ್ಮ ಆಯಿ ನೆಕ್ಕಿಸಿದ್ಲು. ನಿನಗೇನ ಆತು?"

"ನಾ ನರ್ಸ್ ಆದೆ. ಅದಕ್ಕ ಬ್ಯಾಡ ಅನ್ನಾಕತ್ತೇನಿ."

ಬಾಟಲಿ ಚೀಲ ಸೇರಿತು. ಸೋತೆ ಎಂದು ಮಾತ್ರ ನಾನು ಅನ್ನಲಿಲ್ಲ. ಮನೆಗೆ ಬಂದ ಮೇಲೆ ಪಕ್ಕದ ಮನೆಯ ಜೈಬುನ್ನಿಸಾಳ ಮುಂದೆ ಫಿರ್ಯಾದಿ ಹೇಳಿಕೊಂಡೆ. ಅವರದು ತಲೆತಲಾಂತರದಿಂದ ಬಳೆಯ ವ್ಯಾಪಾರ. ನಮ್ಮಿಬ್ಬರದು ಗೋಡೆ ಒಂದೇ, ಗೋಳೂ ಒಂದೇ.

"ನಮ್ಮೊಳಗೂ ಐತಿ ಅಕ್ಕಾ" ಎಂದಳು. "ಖಜೂರ ಅಗದು ಕೂಸಿನ ನಾಲಿಗಿಗ ಹಚ್ಚತಿದ್ರು. ಈಗ ನಮ್ಮ ಸೊಸಿನೂ ಡಾಕ್ಟರ್‌ನ ಕೇಳಬೇಕು ಅಂತಾಳ. ಇವ್ರಿಬ್ಬರೂ ಒಂದ ಸಾಲಿ ಕಲ್ತಾರೇನು?"

ಹೀಗಿರುವಾಗ ರವಿವಾರ ಅಳಿಯಂದಿರು ಜಿಲೇಬಿ ಹಿಡಿದುಕೊಂಡು ಬಂದರು. ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವುದು ನಮ್ಮ ಕಡೆಯ ಪದ್ಧತಿ. ನಮ್ಮ ಅಳಿಯಂದಿರ ಸ್ವಭಾವ ಸ್ವಲ್ಪ ಹೇಳಬೇಕು. ಬೇರೆ ಯಾರಾದರೂ ಮೊದಲ ಮಗುವಿನ ಮುಖ ನೋಡಿದರೆ ಮೂಗು ಯಾರದು, ಕಿವಿ ಯಾರದು ಎನ್ನುತ್ತಾರೆ. ಇವರು ನಮ್ಮ ದೇಶ ಜಗತ್ತಿಗೆ ಏನೇನು ಕೊಟ್ಟಿತು ಎಂದು ಶುರು ಮಾಡುತ್ತಾರೆ. ಖುಷಿ ಒಬ್ಬೊಬ್ಬರಲ್ಲಿ ಒಂದೊಂದು ಬಾಗಿಲಿನಿಂದ ಹೊರಗೆ ಬರುತ್ತದೆ. ನನ್ನದು ಬಾಯಿಯಿಂದ, ಅವರದು ಇತಿಹಾಸದಿಂದ.

"ಅತ್ತಿ, ಜಗತ್ತಿನ್ಯಾಗ ಸಕ್ಕರಿ ಮೊದಲ ಮಾಡಿದವ್ರು ಯಾರ ಹೇಳ್ರಿ?"

"ಫ್ಯಾಕ್ಟರಿಯವರು."

"ಅಲ್ರಿ. ನಾವು!"

ನಾನು ನಮ್ಮ ಮನೆಯವರ ಮುಖ ನೋಡಿದೆ. ಹೊಲದಲ್ಲಿ ಕಬ್ಬಿದೆ ನಿಜ, ಆದರೆ ಇಷ್ಟು ದೊಡ್ಡ ಕೆಲಸ ಮಾಡಿದ್ದನ್ನು ಅವರು ನನಗೆ ಹೇಳಿರಲಿಲ್ಲ. ನಾವು ಎಂದರೆ ನಮ್ಮ ದೇಶದವರು ಎಂದು ಆಮೇಲೆ ತಿಳಿಯಿತು.

ಅಳಿಯಂದಿರು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಹೇಳುತ್ತೇನೆ. ಬಹಳ ಹಿಂದೆ ಗ್ರೀಕ್ ದೇಶದಿಂದ ದಂಡು ಕಟ್ಟಿಕೊಂಡು ಬಂದವರು ನಮ್ಮ ಕಬ್ಬು ನೋಡಿ ಬೆರಗಾದರಂತೆ. ಹುಳವಿಲ್ಲದೆ ಜೇನು ಕೊಡುವ ಕೋಲು ಎಂದರಂತೆ. ಕಬ್ಬಿನ ಹಾಲು ಕಾಸಿ, ಅದು ಹರಳು ಕಟ್ಟುವ ಹಾಗೆ ಮಾಡುವ ವಿದ್ಯೆ ಇಲ್ಲಿಯದು. ಹರಳಿಗೆ ಶರ್ಕರ ಎಂದು ಹೆಸರು. ಆ ಹೆಸರು ಇರಾಣದ ಕಡೆ ಹೋಗಿ ಶಕರ್ ಆಯಿತು, ಅರಬರಲ್ಲಿ ಸುಕ್ಕರ್ ಆಯಿತು, ಹೀಗೆ ಊರೂರು ದಾಟಿ ಇಂಗ್ಲಿಷರಲ್ಲಿ ಶುಗರ್ ಆಯಿತು. ಖಂಡ ಎಂಬ ಸಕ್ಕರೆ ಗಟ್ಟಿಯೇ ಮಕ್ಕಳು ಚೀಪುವ ಕ್ಯಾಂಡಿ ಆಯಿತಂತೆ. ಚೀನದ ರಾಜನೊಬ್ಬ ಸಕ್ಕರೆ ಮಾಡುವುದನ್ನು ಕಲಿತು ಬರಲು ಇಲ್ಲಿಗೆ ಜನ ಕಳಿಸಿದ್ದನಂತೆ.

ಗೋಡೆಯ ಆಚೆಯಿಂದ ಕೇಳುತ್ತಿದ್ದ ಜೈಬುನ್ನಿಸಾ ಇಷ್ಟಕ್ಕೆ ಎದ್ದು ಬಂದಳು. "ಮಾಸ್ತರ, ನಾವು ಬಿಳಿ ಸಕ್ಕರಿಗಿ ಚೀನಿ ಅಂತೀವಲ್ರಿ. ಕಲಿಸಿದವ್ರು ನಾವು, ಹೆಸರು ಅವ್ರದು?"

"ಹೌದ್ರಿ. ಅವ್ರು ನಮಗಿಂತ ಬೆಳ್ಳಗ ಮಾಡಿ ತೋರಿಸಿದ್ರಂತ."

"ಮತ್ತ ಈ ಜಿಲೇಬಿ?"

ಅಳಿಯಂದಿರು ಸ್ವಲ್ಪ ತಗ್ಗಿದ ಧ್ವನಿಯಲ್ಲಿ, "ಅದು ಇರಾಣದ ಕಡಿಯಿಂದ ಬಂದದ್ದ್ರಿ" ಎಂದರು.

ನನಗೆ ಈ ಲೇವಾದೇವಿ ಬಹಳ ಹಿಡಿಸಿತು. ನಾವು ಸಕ್ಕರೆ ಕೊಟ್ಟೆವು, ಅವರು ಅದನ್ನು ಸುತ್ತಿಸುತ್ತಿ ಜಿಲೇಬಿ ಮಾಡಿ ಕಳಿಸಿದರು. ನೆರೆಮನೆಗೆ ಪಾತ್ರೆ ತುಂಬ ಏನಾದರೂ ಕೊಟ್ಟರೆ ಅವರು ಅದನ್ನು ಬರಿದಾಗಿ ಮರಳಿಸುವುದಿಲ್ಲವಲ್ಲ, ಹಾಗೆ.

ಆಮೇಲೆ ಅಳಿಯಂದಿರು ನನಗೆಂದೇ ಇನ್ನೊಂದು ಸಂಗತಿ ತೆಗೆದರು. ನನ್ನ ಕಾಯಿಲೆಯನ್ನೂ ಇಲ್ಲಿಯ ವೈದ್ಯರು ಪುರಾತನ ಕಾಲದಲ್ಲೇ ಗುರುತಿಸಿದ್ದರಂತೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ಮಧುಮೇಹ ಎಂದರಂತೆ. ಮಧು ಎಂದರೆ ಜೇನು. ಯಂತ್ರವಿಲ್ಲ, ಸೂಜಿಯಿಲ್ಲ, ಇರುವೆಯೇ ಲ್ಯಾಬೊರೇಟರಿ! ಇದನ್ನು ಕೇಳಿ ನನಗೆ ಎದೆಯುಬ್ಬಿತು. ಸಕ್ಕರೆಯೂ ನಮ್ಮದೇ, ಸಕ್ಕರೆ ಕಾಯಿಲೆಯ ಹೆಸರೂ ನಮ್ಮದೇ. ಆದರೆ ಒಂದು ಮಾತು. ಶರ್ಕರ ಎಂದು ನಾವು ಹೊರಗೆ ಕಳಿಸಿದ್ದು ದೇಶದೇಶ ತಿರುಗಿ, ಶುಗರ್ ಎಂದು ಹೆಸರು ಬದಲಿಸಿಕೊಂಡು, ಡಾಕ್ಟರ ಚೀಟಿಯ ಮೇಲೆ ಕೂತು ಮೂಡಲಗಿಗೆ ಮರಳಿ ಬಂದಿದೆ. ಅಷ್ಟು ದೊಡ್ಡ ಪ್ರವಾಸ ಮಾಡಿ ಬಂದದ್ದು ನನ್ನೊಬ್ಬಳ ಮೈಯನ್ನೇ ಯಾಕೆ ಹುಡುಕಿಕೊಂಡಿತೋ.

ಗಟ್ಟಿ ಆಧಾರ ಸಿಕ್ಕಿತೆಂದು ನಾನು ನನ್ನ ಹಳೆಯ ಮೊಕದ್ದಮೆಗೆ ಮತ್ತೆ ಜೀವ ಕೊಟ್ಟೆ.

"ಇಡೀ ಜಗತ್ತಿಗಿ ಸಿಹಿ ತಿನಿಸಿದ ದೇಶದಾಗ ಹುಟ್ಟಿದ ಕೂಸಿಗಿ ಒಂದ ಹನಿ ಜೇನ ಇಲ್ಲಂದ್ರ ಹೆಂಗ್ರಿ? ನೀವ ಹೇಳ್ರಿ."

ಅಳಿಯಂದಿರು ಹುರುಪಿನಿಂದ ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಹೆಂಡತಿಯನ್ನು ಕಂಡರು. "ಅದು ಇತಿಹಾಸದಾಗ ಬರೂದಿಲ್ರಿ ಅತ್ತಿ" ಎಂದು ಜಿಲೇಬಿ ಮುರಿದು ಬಾಯಿಗೆ ಹಾಕಿಕೊಂಡರು.

ತೊಟ್ಟಿಲಿಗೆ ಹಾಕುವ ದಿನ ಬಂತು. ಅಂಗಳದ ತುಂಬ ಹೆಂಗಸರು. ಹೋಳಿಗೆ, ಅಂಟಿನುಂಡಿ, ಸಾಲದ್ದಕ್ಕೆ ಗೋಕಾಕದಿಂದ ತರಿಸಿದ ಕರದಂಟು. ಅಂಟಿನುಂಡಿಯ ಪಾಕ ಹಿಡಿದವಳು ನಾನೇ, ಆದರೆ ಹದ ನೋಡಿ ಹೇಳಿದವಳು ಜೈಬುನ್ನಿಸಾ. ತಟ್ಟೆಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತಿದ್ದವು. ನನ್ನ ಹತ್ತಿರ ಬಂದದ್ದು ನಿಲ್ಲದೆ ಮುಂದೆ ಹೋಯಿತು. ತೊಟ್ಟಿಲ ಹತ್ತಿರವೂ ಹಾಗೆಯೇ ಮುಂದೆ ಹೋಯಿತು. ಆಗ ನನಗೆ ಹೊಳೆಯಿತು, ಇಷ್ಟು ಜನರಲ್ಲಿ ಸಿಹಿ ಇಲ್ಲದವರು ನಾವಿಬ್ಬರೇ. ಒಬ್ಬಳು ಈಗ ಬಂದವಳು, ಒಬ್ಬಳು ಬಂದು ಬಹಳ ದಿನವಾದವಳು. ನಡುವಿನವರೆಲ್ಲ ತಿನ್ನುತ್ತಿದ್ದಾರೆ. ನಮ್ಮಿಬ್ಬರ ಬಾಯಲ್ಲೂ ಹಲ್ಲು ಕಡಿಮೆ, ನಮ್ಮಿಬ್ಬರ ಮಾತೂ ನಡೆಯುವುದಿಲ್ಲ.

ಊಟಕ್ಕೆ ಎಲ್ಲರೂ ಅಂಗಳದಲ್ಲಿ ಕೂತರು. ಒಳಗೆ ನಾನು, ಕೂಸು, ಮತ್ತು ಆ ಬಾಟಲಿ. ಮುಚ್ಚಳ ತೆಗೆದೆ. ಕೂಸು ಬಾಯಿ ಸಪ್ಪಳಿಸುತ್ತ ನನ್ನನ್ನೇ ನೋಡಿತು. ಬೆರಳು ಬಾಟಲಿಯ ಕಂಠದ ತನಕ ಹೋಯಿತು, ಅಲ್ಲೇ ನಿಂತಿತು. ಕೂಸಿಗೆ ಏನಾದರೂ ಆದರೆ? ಎಷ್ಟೋ ವರ್ಷ ಕಾದು ಬಂದದ್ದನ್ನು ಒಂದು ಹನಿಯ ಹಟಕ್ಕೆ ಒಡ್ಡುವುದೇ? ಮುಚ್ಚಳ ಹಾಕಿ ತಿರುಗಿದರೆ ಹಿಂದೆ ಸುನಂದಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಬೈಯಲಿಲ್ಲ. ಬಂದು ಪಕ್ಕದಲ್ಲಿ ಕೂತಳು.

"ನಿನ್ನ ಬೆರಳ ಆಗಬೇಕಂತ ನನಗೂ ಆಸೆ ಐತಿ ಬೇ. ವರ್ಷ ತುಂಬಲಿ. ನೀನ ನೆಕ್ಕಸು. ಅಲ್ಲಿ ತನಕ ಆ ಬಾಟ್ಲಿ ಯಾರಿಗೂ ಮುಟ್ಟಾಕ ಕೊಡೂದಿಲ್ಲ."

"ಅಲ್ಲಿ ತನಕ ನಾ ಇರಬೇಕಲ್ಲ."

"ಇರಬೇಕಂದ್ರ, ಸೆರಗಿನ ತುದಿಗಿ ಕಟಗೊಂಡ ಆ ಬೆಲ್ಲ ಇಲ್ಲಿ ಕೊಡು."

ಕಂಡುಬಿಟ್ಟಿದ್ದಳು. ಗಂಟು ಬಿಚ್ಚಿದೆ. ಬೆಲ್ಲ ಕರಗಿ ಸೀರೆಗೆ ಅಂಟಿಕೊಂಡಿತ್ತು, ಕಿತ್ತು ಕೊಡಬೇಕಾಯಿತು. ಬೆರಳು ನೆಕ್ಕಬೇಕೆನಿಸಿತು. ಮಗಳು ನೋಡುತ್ತಿದ್ದಳು, ತೊಳೆದುಕೊಂಡೆ.

ಅಂದಿನಿಂದ ಸಿಹಿ ಬಿಟ್ಟಿದ್ದೇನೆ. ಡಾಕ್ಟರು ರಕ್ತ ತಪಾಸಣೆಯ ಕಾಗದ ನೋಡಿ, ತಮ್ಮ ಗುಳಿಗೆ ಕೊನೆಗೂ ಹತ್ತಿತು ಎಂದು ಬೀಗುತ್ತಿದ್ದಾರೆ. ಬೀಗಲಿ, ಅವರಿಗೂ ಒಂದು ಖುಷಿ ಬೇಕಲ್ಲ. ಕರದಂಟಿನ ಅಂಗಡಿಯ ಮುಂದೆ ಈಗ ಮಂಡಿ ನೋಯುವುದಿಲ್ಲ ಎಂದರೆ ಸುಳ್ಳಾದೀತು, ಆದರೂ ನಿಲ್ಲದೆ ದಾಟುತ್ತೇನೆ. ಬಾಟಲಿ ದೇವರ ಮಾಡದಲ್ಲಿದೆ. ವರ್ಷದ ತನಕ ಕೆಟ್ಟೀತೇ ಎಂದು ಅಳಿಯಂದಿರನ್ನು ಕೇಳಿದೆ. ಜೇನು ಎಷ್ಟು ಕಾಲವಾದರೂ ಕೆಡುವುದಿಲ್ಲವಂತೆ. ಹಾಗಾದರೆ ಕೆಡದ ಹಾಗೆ ಜೋಪಾನ ಮಾಡಬೇಕಾದದ್ದು ನನ್ನೊಬ್ಬಳನ್ನೇ.